ಕೈಯಿಲ್ಲದ ಬೀಗ

ಹತ್ತು ಗಂಟೆ ಹೊಡೆದಿದೆ. ಗುಮಾಸ್ತರು ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿದ್ದಾರೆ. ಮೇಲಧಿಕಾರಿಗಳು ಒಂದು ಕಡತಕ್ಕಾಗಿ ಆಗಲೇ ಎರಡು ಸಲ ಹೇಳಿಕಳುಹಿಸಿದ್ದಾರೆ. ಕಡತವೇನೋ ಮೂಲೆಯ ಉಕ್ಕಿನ ಬೀರುವಿನಲ್ಲಿ ಭದ್ರವಾಗಿಯೇ ಇದೆ. ಆದರೆ ಬೀರುವಿನ ಬೀಗದ ಕೈ ಇರುವುದು ಹೆಡ್ ಗುಮಾಸ್ತರ ಜೇಬಿನಲ್ಲಿ. ಹೆಡ್ ಗುಮಾಸ್ತರಾದರೋ ಮಗಳ ಮದುವೆಗೆಂದು ರಜೆ ಪಡೆದು ಊರಿಗೆ ಹೋಗಿದ್ದಾರೆ. ಜವಾನನು ತನ್ನ ಗೊಂಚಲಿನಲ್ಲಿದ್ದ ಇಪ್ಪತ್ತು ಕೈಗಳನ್ನೂ ಒಂದಾದ ಮೇಲೊಂದರಂತೆ ತೂರಿಸಿ ನೋಡಿ, ಬೆವರು ಒರೆಸಿಕೊಂಡು, ಬೀದಿಯ ಬೀಗದ ರಿಪೇರಿಯವನನ್ನು ಕರೆತರಲು ಹೊರಟಿದ್ದಾನೆ. ಕಛೇರಿಯ ಬದುಕನ್ನು ಬಲ್ಲ ಯಾರಿಗೂ ಈ ನೋಟ ಹೊಸದಲ್ಲ.

ಬೀಗವನ್ನು ತೆರೆಯುವ ಆ ಚಿಕ್ಕ ಲೋಹದ ತುಂಡನ್ನು ಕನ್ನಡಿಗರು 'ಕೈ' ಎಂದು ಕರೆದದ್ದು ಎಷ್ಟು ಸಮಂಜಸ! ಬೀಗ ತಾನಾಗಿ ಏನನ್ನೂ ಬಲ್ಲದ್ದಲ್ಲ. ಅದರ ಕೈ ಯಾರ ಕೈಯಲ್ಲಿದೆಯೋ ಅವನೇ ಅದಕ್ಕೆ ಒಡೆಯ. ಒಡೆಯ ಕಳ್ಳನಾಗಿದ್ದರೂ ಬೀಗಕ್ಕೆ ಅದರ ಪರಿವೆಯಿಲ್ಲ. ಈಗ ಆ ಕೈಯನ್ನೇ ಕಳಚಿ ಹಾಕಿದ ಬೀಗಗಳು ಬಂದಿವೆ. ಬೆಂಗಳೂರಿನ ಹೊಸ ಕಛೇರಿಗಳ ಮೇಜು, ಬೀರು, ಗೋಡೆಯುದ್ದಕ್ಕೂ ಸಾಲುಗಟ್ಟಿದ ಸಣ್ಣ ಪೆಟ್ಟಿಗೆಗಳು ಇವುಗಳಲ್ಲಿ ಎಷ್ಟು ಹುಡುಕಿದರೂ ಕೈ ತೂರಿಸುವ ರಂಧ್ರ ಕಾಣದಿರಬಹುದು. ಅದರ ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಗುಂಡಿಗಳಿರುತ್ತವೆ. ನಾಲ್ಕು ಅಂಕಿಗಳನ್ನು ಒತ್ತಿದರೆ ಹಸಿರು ದೀಪವೊಂದು ಮಿಣುಕುತ್ತದೆ. ಒಳಗೆ ಜೀರುಂಡೆ ಮಿಸುಕಿದಷ್ಟು ಸದ್ದಾಗುತ್ತದೆ. ಹಿಡಿಯನ್ನು ತಿರುಗಿಸಿದರೆ ಡ್ರಾಯರು ಹೊರಗೆ ಬರುತ್ತದೆ. ಇನ್ನು ಕೆಲವು ಬೀಗಗಳಿಗೆ ಅಂಕಿಯೂ ಬೇಡ, ಕೊರಳಿಗೆ ತೂಗುಹಾಕಿಕೊಂಡ ಗುರುತಿನ ಚೀಟಿಯನ್ನು ಹತ್ತಿರ ಹಿಡಿದರೆ ಸಾಕು.

ಇಂತಹ ಬೀಗಗಳಿಗೆ ಬೇಡಿಕೆ ಏರಿದುದಕ್ಕೆ ಒಂದು ಕಾರಣವುಂಟು. ೨೦೨೦ರ ಸಾಂಕ್ರಾಮಿಕದ ತರುವಾಯ ಅನೇಕ ಸಂಸ್ಥೆಗಳ ನೌಕರರು ವಾರದಲ್ಲಿ ಕೆಲವು ದಿನ ಮಾತ್ರ ಕಛೇರಿಗೆ ಬರುವ ರೂಢಿ ಬಿದ್ದಿತು. ಇವರಲ್ಲಿ ಬಹುಮಂದಿಗೆ ತಮ್ಮದೆಂಬ ಮೇಜಿಲ್ಲ. ಇಂದು ಒಬ್ಬ ಕುಳಿತ ಸ್ಥಳದಲ್ಲಿ ನಾಳೆ ಮತ್ತೊಬ್ಬ. ಛತ್ರದ ಕೋಣೆಯಂತೆ ದಿನಕ್ಕೊಬ್ಬ ಒಡೆಯನಿರುವ ಪೆಟ್ಟಿಗೆಗೆ ಲೋಹದ ಕೈ ಕೊಟ್ಟರೆ ಅದು ಯಾರದೋ ಜೇಬಿನಲ್ಲಿ ಮನೆ ಸೇರುವುದು ಖಂಡಿತ. ಅಂಕಿಯ ಬೀಗಕ್ಕೆ ಆ ತೊಂದರೆಯಿಲ್ಲ. ಬೆಳಗ್ಗೆ ಬಂದವನು ತನಗೆ ತೋಚಿದ ನಾಲ್ಕು ಅಂಕಿಗಳಿಂದ ಮುಚ್ಚುತ್ತಾನೆ. ಸಂಜೆ ಅವನು ಅದೇ ಅಂಕಿಗಳಿಂದ ತೆರೆದ ಕೂಡಲೇ ಬೀಗ ಅವನನ್ನು ಮರೆತು ಮುಂದಿನವನಿಗಾಗಿ ಕಾಯುತ್ತದೆ.

ಈ ಯಂತ್ರದ ಒಳಗು ನೋಡುವಂತಹುದು. ಅಂಗೈಯಲ್ಲಿ ಅಡಗುವ ಪೆಟ್ಟಿಗೆ. ಅದರಲ್ಲಿ ಉಗುರಿನಷ್ಟು ಅಗಲದ ಗಣಕದ ಬಿಲ್ಲೆ, ಅಂಕಿಗಳನ್ನು ನೆನಪಿಡುವ ಸ್ಮೃತಿಕೋಶ, ಒಂದೆರಡು ಬ್ಯಾಟರಿ, ಒಂದು ಪುಟ್ಟ ಮೋಟಾರು ಅಥವಾ ವಿದ್ಯುತ್ಕಾಂತದ ಸುರುಳಿ. ಅಗುಳಿಯನ್ನು ಎಳೆಯುವುದು ಈ ಮೋಟಾರೆಂದು ವಾಚಕರು ಭಾವಿಸಬಹುದು. ಬಹುತೇಕ ಬೀಗಗಳಲ್ಲಿ ಹಾಗಿಲ್ಲ. ಎಳೆಯುವ ಬಲ ಮನುಷ್ಯನ ಬೆರಳಿನದೇ. ಮೋಟಾರು ಅಡ್ಡನಿಂತ ಒಂದು ಸಣ್ಣ ಮೊಳೆಯನ್ನು ಸರಿಸಿ, ಅರಮನೆಯ ದ್ವಾರಪಾಲಕನಂತೆ, 'ಹೋಗಬಹುದು' ಎಂದು ಅಪ್ಪಣೆ ಕೊಡುತ್ತದೆ, ಅಷ್ಟೆ. ಶ್ರಮವೆಲ್ಲ ಬಂದವನದೇ ಆದುದರಿಂದ ಬ್ಯಾಟರಿ ಬಹುಕಾಲ ಬಾಳುತ್ತದೆ. ಅಗ್ಗದ ಬೀಗಗಳಲ್ಲಿ ಈ ಮೊಳೆಯನ್ನು ಬರಿಯ ಸ್ಪ್ರಿಂಗಿನ ಆಸರೆಯಲ್ಲಿ ನಿಲ್ಲಿಸಿರುತ್ತಾರೆ. ಅಂತಹ ಪೆಟ್ಟಿಗೆಯ ನೆತ್ತಿಗೆ ಬಲವಾಗಿ ಗುದ್ದಿದರೆ ಮೊಳೆ ಕ್ಷಣಕಾಲ ಎಗರಿ, ಅಂಕಿಯ ಹಂಗಿಲ್ಲದೆಯೇ ಬಾಗಿಲು ತೆರೆದುಕೊಳ್ಳುವುದೂ ಉಂಟು!

ಬ್ಯಾಟರಿ ಮುಗಿದರೆ ಗತಿಯೇನು? ಈ ಬೀಗವನ್ನು ಕಂಡವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಸ್ಮೃತಿಕೋಶ ವಿದ್ಯುತ್ತಿಲ್ಲದಿದ್ದರೂ ಮರೆಯುವುದಿಲ್ಲ. ಅದರಲ್ಲಿನ ಅಂಕಿಗಳು ಶಾಸನದಂತೆ ಉಳಿದಿರುತ್ತವೆ. ಅನೇಕ ಬೀಗಗಳ ಹೊರಮೈಯಲ್ಲಿ ಎರಡು ಲೋಹದ ಚುಕ್ಕೆಗಳಿರುತ್ತವೆ. ಅಂಗಡಿಯಲ್ಲಿ ಸಿಗುವ ೯ ವೋಲ್ಟಿನ ಬ್ಯಾಟರಿಯನ್ನು ಅವಕ್ಕೆ ಒತ್ತಿಹಿಡಿದರೆ ಬೀಗಕ್ಕೆ ಜೀವ ಬರುತ್ತದೆ. ಇನ್ನು ಕೆಲವು ಬೀಗಗಳಲ್ಲಿ ಸಣ್ಣ ಮುಚ್ಚಳವೊಂದನ್ನು ಸರಿಸಿದರೆ ಅದರಡಿಯಲ್ಲಿ ಹಳೆಯ ಕಾಲದ ರಂಧ್ರವೇ ಕಾಣುತ್ತದೆ. ಕೈಯಿಲ್ಲದ ಬೀಗವೆಂದು ಮಾರಿದವರೇ ಒಂದು ಕೈಯನ್ನು ಬಚ್ಚಿಟ್ಟಿರುತ್ತಾರೆ.

ನಾಲ್ಕು ಅಂಕಿಗಳಿಂದ ೧೦,೦೦೦ ಸಂಖ್ಯೆಗಳನ್ನು ಕಟ್ಟಬಹುದು. ಕಳ್ಳನು ಒಂದೊಂದನ್ನೇ ಒತ್ತಿ ನೋಡಿಯಾನೆಂದು, ಕೆಲವು ಸಲ ತಪ್ಪಿದೊಡನೆ ಬೀಗ ಮುನಿಸಿಕೊಂಡು ಸುಮ್ಮನಾಗುವ ಏರ್ಪಾಡನ್ನು ಮಾಡಿರುತ್ತಾರೆ. ನಾಲ್ಕು ತಪ್ಪಿಗೆ ಒಂದು ನಿಮಿಷದ ಮೌನವೆಂದು ಇಟ್ಟುಕೊಂಡರೂ ಎಲ್ಲ ಸಂಖ್ಯೆಗಳನ್ನು ಮುಗಿಸಲು ೨,೫೦೦ ನಿಮಿಷ, ಎಂದರೆ ೪೧ ಗಂಟೆಗಳಿಗೂ ಮಿಕ್ಕ ಕಾಲ, ಬರಿದೆ ಕಾಯಬೇಕು. ಅಷ್ಟು ತಾಳ್ಮೆ ಯಾವ ಕಳ್ಳನಿಗಿದೆ ಎನ್ನಬಹುದು. ಬೀಗಗಳ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ತಾಳ್ಮೆ ತೋರಿದವನೊಬ್ಬ ಇದ್ದಾನೆ, ಆತ ಕಳ್ಳನಲ್ಲ.

ಇನ್ನೂರು ಗಿನಿಯ ಸವಾಲು

ಜೋಸೆಫ್ ಬ್ರಾಮ ಎಂಬ ಆಂಗ್ಲ ಕುಶಲಿ ೧೭೮೪ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಹಕ್ಕುಪತ್ರ ಪಡೆದನು. ಅಂತಹ ಬೀಗಗಳು ಶ್ರೀಮಂತರ ಬರೆಯುವ ಮೇಜುಗಳಿಗೂ ಕಾಗದಪತ್ರಗಳ ಪೆಟ್ಟಿಗೆಗಳಿಗೂ ಏರಿದವು. ಲಂಡನ್ನಿನ ಪಿಕಡಿಲಿ ಬೀದಿಯ ಅವನ ಅಂಗಡಿಯ ಕಿಟಕಿಯಲ್ಲಿ ೧೭೯೦ರಿಂದ ಒಂದು ಬೀಗ ತೂಗುತ್ತಿತ್ತು: ಇದನ್ನು ಕೈಯಿಲ್ಲದೆ ತೆರೆದವನಿಗೆ ೨೦೦ ಗಿನಿ ಬಹುಮಾನ. ಬ್ರಾಮ ತೀರಿಕೊಂಡನು, ಮಕ್ಕಳ ಕಾಲ ಬಂದಿತು, ಬೀಗ ಮಾತ್ರ ತೆರೆಯಲಿಲ್ಲ. ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ ಎಂಬ ಮತ್ತೊಂದು ಹೆಸರಾಂತ ಬೀಗವನ್ನು ೨೫ ನಿಮಿಷಗಳಲ್ಲಿ ತೆರೆದನು. ಆಮೇಲೆ ಬ್ರಾಮನ ಬೀಗದ ಮುಂದೆ ಕುಳಿತನು. ಹದಿನಾರು ದಿನಗಳಲ್ಲಿ ಹರಡಿಕೊಂಡ ೫೧ ಗಂಟೆಗಳ ದುಡಿಮೆ! ಬೀಗ ಸೋತಿತು, ಗಿನಿಗಳು ಹಾಬ್ಸನ ಪಾಲಾದವು.

ಹಾಬ್ಸ್ ಹೋರಾಡಿದ್ದು ಲೋಹದೊಡನೆ. ಬೀಗದ ಒಡೆಯ ಯಾರು, ಅವನ ಗುಣವೇನು ಎಂಬುದು ಅವನಿಗೆ ಬೇಕಿರಲಿಲ್ಲ. ಆದರೆ ಕೈಯನ್ನು ತೆಗೆದುಹಾಕಿ ಅಂಕಿಯನ್ನು ಕೂರಿಸಿದ ಕ್ಷಣದಿಂದ ಬೀಗದ ಅರ್ಧಭಾಗ ಒಡೆಯನ ತಲೆಯೊಳಕ್ಕೆ ವಲಸೆ ಹೋಗುತ್ತದೆ. ಅಂಕಿಯ ಬೀಗವೇನೂ ಇಂದು ನಿನ್ನೆಯದಲ್ಲ. ಅಲ್ ಜಜರಿ ಎಂಬ ಯಂತ್ರಶಿಲ್ಪಿ ೧೨೦೬ರ ತನ್ನ ಗ್ರಂಥದಲ್ಲಿಯೇ ನಾಲ್ಕು ಅಕ್ಷರಚಕ್ರಗಳಿರುವ ಪೆಟ್ಟಿಗೆಯನ್ನು ವರ್ಣಿಸಿದ್ದಾನೆ. ತಲೆಯೊಳಗಿನ ಆ ಅರ್ಧಬೀಗ ಎಷ್ಟು ಸಡಿಲವೆಂಬುದು ಚೆನ್ನಾಗಿ ಬಯಲಾದದ್ದು ಮಾತ್ರ, ಜಗತ್ತಿನ ಅತಿ ಭಯಂಕರ ರಹಸ್ಯವನ್ನು ಬೀರುಗಳಲ್ಲಿಟ್ಟು ಕಾಯುತ್ತಿದ್ದ ಒಂದು ಬೆಟ್ಟದ ಮೇಲೆ.

ಬೆಟ್ಟದ ಮೇಲಿನ ಬೀರುಗಳು

೧೯೪೩ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಲಾಸ್ ಅಲಮೋಸ್ ಎಂಬಲ್ಲಿ ಪರಮಾಣು ಬಾಂಬಿನ ನಿರ್ಮಾಣಕ್ಕಾಗಿ ವಿಜ್ಞಾನಿಗಳನ್ನು ಕೂಡಿಹಾಕಿದರು. ಸುತ್ತಲೂ ಬೇಲಿ, ಹೋಗುವ ಬರುವ ಪತ್ರಗಳನ್ನೆಲ್ಲ ಒಡೆದು ಓದುವ ಅಧಿಕಾರಿಗಳು. ಅಲ್ಲಿ ರಿಚರ್ಡ್ ಫೈನ್‌ಮನ್ ಎಂಬ ಇಪ್ಪತ್ತೈದರ ತರುಣನಿದ್ದನು. ಮುಂದೆ ೧೯೬೫ರಲ್ಲಿ ಭೌತವಿಜ್ಞಾನಕ್ಕಾಗಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವನು ಈತನೇ. ಪತ್ನಿ ಕ್ಷಯರೋಗದಿಂದ ದೂರದ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿದ್ದಳು. ಬೆಟ್ಟದ ಮೇಲೆ ಬಿಡುವಿನ ಹೊತ್ತನ್ನು ಕಳೆಯಲು ಏನೂ ಇರಲಿಲ್ಲ. ಈತ ಬೀಗಗಳನ್ನು ಹಿಡಿದುಕೊಂಡನು. ಆ ದಿನಗಳ ವೃತ್ತಾಂತವನ್ನು ಆತನೇ ಹೇಳಿದ್ದು, ೧೯೮೫ರಲ್ಲಿ ಪುಸ್ತಕರೂಪದಲ್ಲಿ ಬೆಳಕು ಕಂಡಿತು.

ಒಂದು ಸಭೆಯಲ್ಲಿ ಫೈನ್‌ಮನ್ ಎದ್ದುನಿಂತು, ಇಲ್ಲಿನ ಬೀರುಗಳ ಬೀಗ ಏತಕ್ಕೂ ಬಾರದು ಎಂದನು. ಎಡ್ವರ್ಡ್ ಟೆಲ್ಲರ್ ಮಹಾಶಯರು, ತಾವು ಮುಖ್ಯವಾದ ಕಾಗದಗಳನ್ನು ಬೀರುವಿನಲ್ಲಿಡದೆ ಮೇಜಿನ ಡ್ರಾಯರಿನಲ್ಲಿಡುವುದಾಗಿಯೂ ಅದು ಹೆಚ್ಚು ಕ್ಷೇಮವಲ್ಲವೇ ಎಂದೂ ಕೇಳಿದರು. ಸಭೆ ನಡೆಯುತ್ತಿದ್ದಂತೆಯೇ ಫೈನ್‌ಮನ್ ಮೆಲ್ಲನೆ ಹೊರಗೆ ಜಾರಿ ಟೆಲ್ಲರರ ಕೋಣೆಗೆ ನಡೆದನು. ಡ್ರಾಯರಿಗೆ ಬೀಗವೇನೋ ಹಾಕಿತ್ತು. ಮೇಜಿನ ಅಡಿಯಲ್ಲಿ ಹಿಂಬದಿಗೆ ಕೈ ಹಾಕಿದರೆ ಒಂದು ಸಂದು. ಆ ಸಂದಿನಿಂದ ಒಂದು ಹಾಳೆಯನ್ನು ಎಳೆದರೆ ಅದರ ಬೆನ್ನಿಗೆ ಇನ್ನೊಂದು. ಇಡೀ ಡ್ರಾಯರು ಬರಿದಾಯಿತು, ಬೀಗ ಮುಚ್ಚಿದಂತೆಯೇ ಇತ್ತು! ಸಭೆ ಮುಗಿದ ಮೇಲೆ, ತಮ್ಮ ಡ್ರಾಯರನ್ನು ತೋರಿಸುವಿರಾ ಎಂದು ಏನೂ ತಿಳಿಯದವನಂತೆ ಕೇಳಿದನು. ಟೆಲ್ಲರ್ ಅದನ್ನು ನೋಡಿದ ಕೂಡಲೇ ನಡೆದದ್ದನ್ನೆಲ್ಲ ಊಹಿಸಿಬಿಟ್ಟರು. ಅವರು ಬೆಪ್ಪಾಗುವುದನ್ನು ಕಂಡು ನಗಬೇಕೆಂದಿದ್ದ ಫೈನ್‌ಮನ್ನನ ಆಸೆ ಈಡೇರಲಿಲ್ಲ. ಅಷ್ಟು ಚುರುಕಾದ ಬುದ್ಧಿಗೆ ತನ್ನ ಮೇಜಿನ ಹಿಂಬದಿಯನ್ನು ಒಮ್ಮೆ ತಡವಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಬಳಿಕ ಅಂಕಿಚಕ್ರದ ಬೀಗಗಳುಳ್ಳ ಹೊಸ ಉಕ್ಕಿನ ಬೀರುಗಳು ಬಂದವು. ಚಕ್ರದ ಮೇಲೆ ನೂರು ಗೆರೆಗಳು. ತೆರೆಯಲು ಮೂರು ಅಂಕಿಗಳು. ಲೆಕ್ಕದ ಪ್ರಕಾರ ಹತ್ತು ಲಕ್ಷ ಸಾಧ್ಯತೆಗಳು. ಫೈನ್‌ಮನ್ ಒಂದನ್ನು ಬಿಚ್ಚಿ ನೋಡಿದನು. ನಿಜವಾದ ಅಂಕಿಗಿಂತ ಎರಡು ಗೆರೆ ಅತ್ತ ಅಥವಾ ಎರಡು ಗೆರೆ ಇತ್ತ ಸರಿದರೂ ಬೀಗ ಒಪ್ಪಿಕೊಳ್ಳುತ್ತಿತ್ತು. ಹಾಗಾದರೆ ಐದು ಗೆರೆಗೊಂದರಂತೆ ನೋಡಿದರೆ ಸಾಕು. ನೂರರ ಸ್ಥಾನದಲ್ಲಿ ಇಪ್ಪತ್ತು, ಹತ್ತು ಲಕ್ಷದ ಸ್ಥಾನದಲ್ಲಿ ೮,೦೦೦. ಅಷ್ಟಕ್ಕೇ ನಿಲ್ಲಲಿಲ್ಲ. ಬೀರು ತೆರೆದಿರುವಾಗ ಚಕ್ರವನ್ನು ಮೆಲ್ಲನೆ ಆಡಿಸಿದರೆ ಕೊನೆಯ ಅಂಕಿಯನ್ನು ಅಗುಳಿಯ ಅಲುಗಾಟವೇ ಹೇಳಿಬಿಡುತ್ತಿತ್ತು. ಅಭ್ಯಾಸ ಬಲಿತಂತೆ ಅದರ ಹಿಂದಿನದೂ ಸಿಕ್ಕಿತು. ಸ್ನೇಹಿತರ ಕೋಣೆಯಲ್ಲಿ ಬೀರಿಗೆ ಒರಗಿ ಹರಟುತ್ತ, ಮೈಮರೆತವನಂತೆ ಚಕ್ರ ತಿರುಗಿಸುತ್ತ, ಒಬ್ಬೊಬ್ಬರ ಕೊನೆಯ ಎರಡು ಅಂಕಿಗಳನ್ನೂ ಆತ ಸಂಗ್ರಹಿಸಿಟ್ಟನು. ಉಳಿದದ್ದು ಇಪ್ಪತ್ತು ಪ್ರಯತ್ನ. ಯಾರಾದರೂ ಊರಿಗೆ ಹೋಗಿ ಅವರ ಬೀರುವಿನ ಕಾಗದ ತುರ್ತಾಗಿ ಬೇಕಾದಾಗ ಫೈನ್‌ಮನ್ನನಿಗೆ ಕರೆ ಬರುತ್ತಿತ್ತು. ಆತ ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಒಂದೆರಡು ನಿಮಿಷಗಳಲ್ಲಿ ಬೀಗ ತೆಗೆದು, ಕೆಲಸ ಬಹು ಕಷ್ಟದ್ದೆಂದು ತೋರುವುದಕ್ಕಾಗಿ ಕಾಲು ಗಂಟೆ ಪತ್ರಿಕೆ ಓದುತ್ತ ಕುಳಿತಿರುತ್ತಿದ್ದನು. ಪತ್ರಿಕೆ ಓದುವುದರ ಪ್ರಯೋಜನಗಳಲ್ಲಿ ಇದೂ ಒಂದು.

ಈ ಕಥೆಯ ಅತ್ಯಂತ ಗಂಭೀರವಾದ ಪ್ರಸಂಗ ಯುದ್ಧ ಮುಗಿದ ಮೇಲಿನದು. ಫ್ರೆಡರಿಕ್ ಡಿ ಹಾಫ್‌ಮನ್ ಎಂಬ ವಿಜ್ಞಾನಿಯ ಕೋಣೆಯಲ್ಲಿ ಒಂಬತ್ತು ಬೀರುಗಳಿದ್ದವು. ಬಾಂಬನ್ನು ಮಾಡಿದ ಬಗೆಯೆಲ್ಲ ಅವುಗಳೊಳಗಿತ್ತು. ಒಂದು ವರದಿ ಬೇಕಾಗಿ ಬಂದ ಫೈನ್‌ಮನ್ನನಿಗೆ ಆತ ಸಿಗಲಿಲ್ಲ. ಕಾರ್ಯದರ್ಶಿನಿಯ ಮೇಜಿನಲ್ಲಿ ಪೈ ಎಂಬ ಗಣಿತದ ಸಂಖ್ಯೆಯನ್ನು ಆರು ಅಂಕಿಗಳವರೆಗೆ ಬರೆದ ಚೀಟಿ ಕಂಡಿತು. ಬೆರಳಚ್ಚು ಮಾಡುವವರಿಗೆ ಪೈ ಏಕೆ? ೩೧-೪೧-೫೯ ಎಂದು ತಿರುಗಿಸಿದನು, ತೆರೆಯಲಿಲ್ಲ. ಗಣಿತ ಬಲ್ಲವನು ಬೀಗಕ್ಕೆ ಮತ್ತಾವ ಸಂಖ್ಯೆಯನ್ನು ಇಟ್ಟಾನೆಂದು ಯೋಚಿಸಿ, ಲಾಗರಿತಮಿನ ಮೂಲಸಂಖ್ಯೆಯನ್ನು ಹಿಡಿದು ೨೭-೧೮-೨೮ ಎಂದು ತಿರುಗಿಸಿದನು. ಬಾಗಿಲು ತೆರೆಯಿತು! ಇನ್ನೊಂದು ಬೀರಿಗೂ ಅದೇ ಸಂಖ್ಯೆ, ಮತ್ತೊಂದಕ್ಕೂ ಅದೇ. ಮೂರರಲ್ಲಿ ಒಂದೊಂದು ತುಂಟ ಚೀಟಿಯಿಟ್ಟು ಆತ ಹೊರಬಂದನು. ಅವುಗಳಲ್ಲಿ ಒಂದನ್ನು ಓದಿದ ಡಿ ಹಾಫ್‌ಮನ್ನನ ಮುಖ ಬಿಳಿಚಿಕೊಂಡಿತಂತೆ. ಬಿಳಿಚದೇನು? ತೆರೆದವನು ಗೆಳೆಯನೋ ಪರದೇಶದ ಗೂಢಚಾರನೋ ಎಂಬುದು ಆ ಕ್ಷಣದಲ್ಲಿ ಆತನಿಗೆ ತಿಳಿಯದು.

ಅದೇ ಸ್ಥಳದಲ್ಲಿ ಬೀಗದ ಕೆಲಸಗಾರನೊಬ್ಬ ಸೇನಾಧಿಕಾರಿಯೊಬ್ಬರ ಭಾರಿ ತಿಜೋರಿಯನ್ನು ತೆರೆದು ಎಲ್ಲರನ್ನೂ ಬೆರಗುಗೊಳಿಸಿದ್ದನು. ಅವನು ತನಗಿಂತ ಮಿಗಿಲಾದ ನಿಪುಣನೆಂದು ಬಗೆದ ಫೈನ್‌ಮನ್, ವಾರಗಟ್ಟಲೆ ಸ್ನೇಹ ಬೆಳೆಸಿ ಗುಟ್ಟನ್ನು ಕೇಳಿದನು. ನಿಪುಣತೆ ಏನೂ ಇರಲಿಲ್ಲ. ಕಾರ್ಖಾನೆಯಿಂದ ಹೊರಡುವಾಗ ಬೀಗಗಳಿಗೆ ೨೫-೦-೨೫ ಅಥವಾ ೫೦-೨೫-೫೦ ಎಂಬ ಸಂಖ್ಯೆಯನ್ನು ಇಟ್ಟಿರುತ್ತಾರೆ. ಅಧಿಕಾರಿಗಳು ಅದನ್ನು ಬದಲಿಸುವ ಗೋಜಿಗೇ ಹೋಗಿರಲಿಲ್ಲ. ಫೈನ್‌ಮನ್ ಆ ಎರಡು ಸಂಖ್ಯೆಗಳನ್ನು ಹಿಡಿದು ಕೋಣೆಯಿಂದ ಕೋಣೆಗೆ ನಡೆದನು. ಸುಮಾರು ಐದಕ್ಕೊಂದು ಬೀರು ತೆರೆದುಕೊಂಡಿತು.

ಓಕ್ ರಿಡ್ಜ್ ಎಂಬಲ್ಲಿನ ಕರ್ನಲ್ ಒಬ್ಬರಿಗೆ ಈ ದೋಷವನ್ನು ಕಣ್ಣಾರೆ ತೋರಿಸಿ, ಬೀರುಗಳನ್ನು ತೆರೆದಿಟ್ಟು ಕೆಲಸ ಮಾಡಬಾರದೆಂದು ಫೈನ್‌ಮನ್ ಎಚ್ಚರಿಸಿದ್ದನು. ಮುಂದಿನ ಸಲ ಹೋದಾಗ ಅಲ್ಲಿನವರೆಲ್ಲ ಆತನನ್ನು ಕಂಡರೆ ದೂರ ಸರಿಯತೊಡಗಿದರು. ಕರ್ನಲ್ ಸಾಹೇಬರು ಎಲ್ಲರಿಗೂ ಸುತ್ತೋಲೆ ಕಳುಹಿಸಿದ್ದರು: ಫೈನ್‌ಮನ್ ಯಾರ ಕೋಣೆಗೆ ಬಂದಿದ್ದನೋ ಅವರೆಲ್ಲರೂ ಬೀಗದ ಸಂಖ್ಯೆಯನ್ನು ಬದಲಿಸತಕ್ಕದ್ದು. ರೋಗವನ್ನು ಬಿಟ್ಟು ವೈದ್ಯನನ್ನು ಊರಿನಿಂದ ಆಚೆ ಹಾಕಿದಂತಾಯಿತು.

ಬೀಗದ ನೆನಪು

ವಿದ್ಯುನ್ಮಾನ ಬೀಗ ಈ ದೋಷಗಳಲ್ಲಿ ಕೆಲವನ್ನು ನಿವಾರಿಸಿದೆ ಎಂಬುದನ್ನು ಒಪ್ಪಲೇಬೇಕು. ೧೯೯೧ರಲ್ಲಿ ಕೆಂಟುಕಿ ಪ್ರಾಂತದ ಮಾಸ್-ಹ್ಯಾಮಿಲ್ಟನ್ ಸಂಸ್ಥೆ ಹೊರತಂದ ಎಕ್ಸ್-೦೭ ಎಂಬ ಬೀಗಕ್ಕೆ ಬ್ಯಾಟರಿಯೇ ಇಲ್ಲ. ಚಕ್ರವನ್ನು ತಿರುಗಿಸುವ ಬೆರಳಿನಿಂದಲೇ ಅದು ವಿದ್ಯುತ್ತನ್ನು ಹುಟ್ಟಿಸಿಕೊಳ್ಳುತ್ತದೆ. ಅಂಕಿಗಳು ಮೇಲಿನಿಂದ ಬಗ್ಗಿ ನೋಡುವವನಿಗೆ ಮಾತ್ರ ಕಾಣುತ್ತವೆ. ಚಕ್ರದ ಯಾವ ನೆಲೆಗೆ ಯಾವ ಅಂಕಿ ಎಂಬುದು ಪ್ರತಿ ಸಲವೂ ಬದಲಾಗುವುದರಿಂದ, ಬೀರಿಗೆ ಒರಗಿ ಹರಟುವ ಫೈನ್‌ಮನ್ನನಿಗೆ ಅಲ್ಲಿ ದಕ್ಕುವುದೇನಿಲ್ಲ. ಒಡೆಯನಿಲ್ಲದಾಗ ಎಷ್ಟು ಸಲ ಯಾರೋ ತಪ್ಪಾಗಿ ತಿರುಗಿಸಿದರೆಂಬುದನ್ನೂ ಅದು ವರದಿ ಮಾಡುತ್ತದೆ. ಅಮೆರಿಕದ ಸರ್ಕಾರ ತನ್ನ ರಹಸ್ಯ ಕಡತಗಳ ಬೀರುಗಳಿಗೆ ಇಂತಹ ಬೀಗಗಳನ್ನು ಅಂಗೀಕರಿಸಿತು.

ಆದರೆ ತಲೆಯೊಳಗಿನ ಅರ್ಧಬೀಗ ಅಂದಿದ್ದಂತೆಯೇ ಇದೆ. ಸೋರಿಹೋದ ಗುಪ್ತಪದಗಳಿಂದ ಆರಿಸಿದ ಸುಮಾರು ೩೪ ಲಕ್ಷ ನಾಲ್ಕಂಕಿಯ ಸಂಖ್ಯೆಗಳನ್ನು ೨೦೧೨ರಲ್ಲಿ ಎಣಿಸಿ ನೋಡಿದಾಗ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕೇವಲ ೧೨೩೪ ಆಗಿದ್ದವು! ಹತ್ತು ಸಾವಿರ ದಾರಿಗಳಿದ್ದರೂ ಹತ್ತರಲ್ಲಿ ಒಬ್ಬ ರಾಜಮಾರ್ಗದಲ್ಲಿಯೇ ನಡೆಯುತ್ತಾನೆ. ಸಂಖ್ಯೆ ಒಳ್ಳೆಯದಾದರೂ ಬೆರಳು ಗುಟ್ಟು ಬಿಡುತ್ತದೆ. ವರ್ಷಗಟ್ಟಲೆ ಅದೇ ನಾಲ್ಕು ಗುಂಡಿಗಳನ್ನು ಒತ್ತಿದರೆ ಅವು ಸವೆದು ಹೊಳೆಯುತ್ತವೆ. ಅವನ್ನು ಕಂಡವನಿಗೆ ಹತ್ತು ಸಾವಿರದ ಸ್ಥಾನದಲ್ಲಿ ೨೪ ಪ್ರಯತ್ನ ಸಾಕು. ಒಂದು ಅಂಕಿಯನ್ನು ಎರಡು ಸಲ ಬಳಸಿದ ಸಂಖ್ಯೆಯಾದರೆ ಸವೆಯುವ ಗುಂಡಿಗಳು ಮೂರೇ; ಅದನ್ನು ಕಂಡು ಕೆಲಸ ಇನ್ನೂ ಸುಲಭವೆಂದುಕೊಂಡರೆ ತಪ್ಪು, ಆಗ ೩೬ ಪ್ರಯತ್ನ ಬೇಕು.

ಇವೆಲ್ಲಕ್ಕಿಂತ ಮಿಗಿಲಾದ ಒಂದು ವಿಷಯವನ್ನು ಮೇಜಿನ ಮುಂದೆ ಕುಳಿತ ನೌಕರನು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ಆತನ ನಾಲ್ಕು ಅಂಕಿಗಳಲ್ಲದೆ ಅದೇ ಡ್ರಾಯರನ್ನು ತೆರೆಯುವ ಬೇರೊಂದು ಸಂಖ್ಯೆ ಮೇಲ್ವಿಚಾರಕನ ಬಳಿ ಇರುತ್ತದೆ. ಅದು ಬೇಕೇ ಬೇಕು. ಮರೆಯುವವರು ಮರೆಯುತ್ತಾರೆ, ಕೆಲಸ ಬಿಟ್ಟವರು ಹೇಳದೆ ಹೋಗುತ್ತಾರೆ. ಆದರೆ ನೂರು ಡ್ರಾಯರುಗಳಿಗೆ ಅದೇ ಒಂದು ಸಂಖ್ಯೆಯಿದ್ದರೆ, ನೂರು ಗುಟ್ಟುಗಳನ್ನೂ ಒಂದೇ ದಾರದಲ್ಲಿ ಪೋಣಿಸಿಟ್ಟಂತೆ. ೨೦೨೪ರ ಆಗಸ್ಟಿನಲ್ಲಿ ಲಾಸ್ ವೇಗಾಸ್ ನಗರದ ಸಮ್ಮೇಳನವೊಂದರಲ್ಲಿ ಇಬ್ಬರು ಸಂಶೋಧಕರು ಇದನ್ನೇ ತೋರಿಸಿದರು: ಕೆಲವು ಬಗೆಯ ವಿದ್ಯುನ್ಮಾನ ಬೀಗಗಳಲ್ಲಿ ಒಂದನ್ನು ಬಿಚ್ಚಿ ಅದರ ಸ್ಮೃತಿಕೋಶವನ್ನು ಓದಿದರೆ, ಮೇಲ್ವಿಚಾರಕನ ಗುರುತೇ ಕೈಸೇರಿ ಉಳಿದ ಬೀಗಗಳನ್ನೂ ತೆರೆಯಬಹುದು. ಡಿ ಹಾಫ್‌ಮನ್ನನ ಒಂಬತ್ತು ಬೀರುಗಳು ವೇಷ ಬದಲಿಸಿಕೊಂಡು ಮರಳಿದಂತೆ ತೋರುವುದಿಲ್ಲವೇ?

ಅನೇಕ ಬೀಗಗಳು ಯಾರು ಯಾವ ದಿನ ಎಷ್ಟು ಗಂಟೆಗೆ ತೆರೆದರೆಂಬುದನ್ನೂ ಬರೆದಿಟ್ಟುಕೊಳ್ಳುತ್ತವೆ. ಕಳವಾದಾಗ ಇದು ಉಪಕಾರಿ, ನಿರಪರಾಧಿಯಾದ ಜವಾನನ ಮೇಲೆ ಮೊದಲು ಗುಮಾನಿ ಬೀಳುವ ಹಳೆಯ ಚಾಳಿಗೆ ಇದು ಉತ್ತರ ಕೊಡಬಲ್ಲುದು. ಆದರೆ ಊಟದ ಬುತ್ತಿಯನ್ನು ಎಷ್ಟು ಹೊತ್ತಿಗೆ ತೆಗೆದನೆಂಬುದಕ್ಕೂ ಲೆಕ್ಕ ಉಳಿಯುತ್ತದೆ. ಆ ಲೆಕ್ಕವಿರುವುದನ್ನು ನೌಕರನಿಗೆ ಮೊದಲೇ ತಿಳಿಸುವುದು ಸಂಸ್ಥೆಯ ಧರ್ಮ. ಹಳೆಯ ಬೀಗ ಕುರುಡಾಗಿತ್ತು, ಚಾಡಿ ಹೇಳುತ್ತಿರಲಿಲ್ಲ.

ಲಾಸ್ ಅಲಮೋಸಿನ ಆ ಕಾರ್ಖಾನೆಯ ಸಂಖ್ಯೆ ಏನಾಯಿತು? ಅದು ಸತ್ತಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನಿಯಮಾವಳಿಯಲ್ಲಿ ಅದಕ್ಕೆ ಗೌರವದ ಸ್ಥಾನವೇ ಸಿಕ್ಕಿದೆ. ರಹಸ್ಯ ಕಾಗದಗಳಿದ್ದ ಬೀರುವನ್ನು ಕೆಲಸದಿಂದ ತೆಗೆಯುವಾಗ ಅದರ ಅಂಕಿಬೀಗವನ್ನು ೫೦-೨೫-೫೦ಕ್ಕೆ ತಿರುಗಿಸಿಡಬೇಕು. ಬರಿದಾದ ಬೀರು ಯಾರು ಬೇಕಾದರೂ ತೆರೆಯುವಂತಿರಲಿ ಎಂಬುದು ಉದ್ದೇಶ. ಮುಂದಿನ ಒಡೆಯನು ಕಡತವಿಡುವ ಮೊದಲು ಅದನ್ನು ಬದಲಿಸಿಕೊಳ್ಳಬೇಕು. ಸೋಮಾರಿಯಲ್ಲದವನಿಗೆ ಅದೇನೂ ದೊಡ್ಡ ಕೆಲಸವಲ್ಲ.

ಇತ್ತ, ಮದುವೆಗೆ ಹೋದ ಹೆಡ್ ಗುಮಾಸ್ತರ ಬೀರಿಗೂ ಗುಂಡಿಗಳ ಬೀಗ ಬಂದಿದೆಯೆಂದು ಭಾವಿಸೋಣ. ಬೀದಿಯ ರಿಪೇರಿಯವನನ್ನು ಕರೆಯುವ ಅಗತ್ಯವೇ ಇಲ್ಲ. ಮೇಲಧಿಕಾರಿಗಳು ಕೂಡಲೇ ಮೊಬೈಲಿಗೆ ಕರೆ ಮಾಡುತ್ತಾರೆ. ಅತ್ತ ಮುಹೂರ್ತದ ಹೊತ್ತು, ಗಟ್ಟಿಮೇಳ ಮೊಳಗುತ್ತಿದೆ. ಹೆಡ್ ಗುಮಾಸ್ತರು ಒಂದು ಕಿವಿಯನ್ನು ಮುಚ್ಚಿಕೊಂಡು ಚಪ್ಪರವೆಲ್ಲ ಕೇಳುವಂತೆ ನಾಲ್ಕು ಅಂಕಿಗಳನ್ನು ಎರಡೆರಡು ಸಲ ಕೂಗಿ ಹೇಳುತ್ತಾರೆ. ಇತ್ತ ಬೀರು ತೆರೆಯುತ್ತದೆ, ಕಡತ ಸಿಗುತ್ತದೆ. ಜವಾನನು ಮರೆಯದಿರಲೆಂದು ಸಂಖ್ಯೆಯನ್ನು ಪಕ್ಕದ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರಗಳಲ್ಲಿ ಬರೆದಿಡುತ್ತಾನೆ.